ಬಾಗಿಸಿದ ಮಾತ್ರಕ್ಕೆ ಓರೆಯಕ್ಷರವಾಗದು

ಚಾಮರಾಜನಗರದ ಪೂರ್ವಕ್ಕೆ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಒಂದು ಕಣಜವಿದೆ. ಇತರ ಕೀಟಗಳ ದೇಹವನ್ನೇ ತನ್ನ ಮರಿಗಳಿಗೆ ತೊಟ್ಟಿಲಾಗಿಯೂ ಊಟವಾಗಿಯೂ ಮಾಡಿಕೊಳ್ಳುವ ಪರೋಪಜೀವಿ ಕಣಜಗಳ ದೊಡ್ಡ ಕುಟುಂಬಕ್ಕೆ ಸೇರಿದುದು ಅದು. ಬೆಂಗಳೂರಿನ ಏಟ್ರೀ ಸಂಸ್ಥೆಯ ಕೀಟವಿಜ್ಞಾನಿಗಳು 2022ರಲ್ಲಿ ಅದನ್ನು ಹೊಸ ಪ್ರಭೇದವೆಂದು ಮಾತ್ರವಲ್ಲ, ಹೊಸ ಜಾತಿಯೆಂದೇ ನಿರ್ಣಯಿಸಿ ಅದಕ್ಕೆ ‘ಸೋಲಿಗ ಎಕ್ಯಾರಿನಾಟ’ ಎಂದು ಹೆಸರಿಟ್ಟರು. ಹೆಸರಿನ ಎರಡನೆಯ ಭಾಗವು ಕೀಟದ ಮೈಮೇಲೆ ಏಣುಗಳಿಲ್ಲವೆಂಬುದನ್ನು ತಿಳಿಸುತ್ತದೆ. ಮೊದಲನೆಯ ಭಾಗವು ಆ ಬೆಟ್ಟದಲ್ಲಿ ತಲೆತಲಾಂತರದಿಂದ ಬಾಳಿಕೊಂಡು ಬಂದ ಸೋಲಿಗರಿಗೆ ಸಲ್ಲಿಸಿದ ಗೌರವ. ಇದು ನಮಗೆಲ್ಲರಿಗೂ ಹೆಮ್ಮೆಯ ಸಂಗತಿಯೇ ಸರಿ.

ಆದರೆ ಈ ಸುದ್ದಿಯನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನ ಪುಟದಲ್ಲಿ ‘ಸೋಲಿಗ’ ಎಂಬ ಪದ ನೇರವಾದ ಅಕ್ಷರಗಳಲ್ಲಿದ್ದರೆ ಅದು ಜನ. ಬಲಕ್ಕೆ ಓರೆಯಾದ, ಬಳುಕುವ ಅಕ್ಷರಗಳಲ್ಲಿದ್ದರೆ ಅದು ಕಣಜ. ಓದುಗನಿಗೆ ಒಂದು ಕ್ಷಣವೂ ಸಂದೇಹವಿಲ್ಲ. ಕನ್ನಡದ ಪುಟದಲ್ಲಿ ಎರಡೂ ಒಂದೇ. ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬಂದಮೇಲೆ ‘ಇದ್ದಾನೆ’ ‘ಇದೆ’ ಎಂಬ ಭೇದದಿಂದ ನಮ್ಮ ವ್ಯಾಕರಣವು ನಮ್ಮನ್ನು ಕಾಪಾಡುತ್ತದೆ, ನಿಜ. ಆದರೆ ತಲೆಬರಹದಲ್ಲಿ, ಚಿತ್ರದ ಕೆಳಗಿನ ಒಂದು ಸಾಲಿನಲ್ಲಿ, ಪುಸ್ತಕದ ಕೊನೆಯ ಪದಸೂಚಿಯಲ್ಲಿ ಕ್ರಿಯಾಪದವೆಲ್ಲಿಂದ ಬರಬೇಕು? ಒಂದು ಜನಾಂಗದ ಹೆಸರೂ ಒಂದು ಕೀಟದ ಹೆಸರೂ ಒಂದೇ ಸೂಚಿಯಲ್ಲಿ ಒಂದೇ ಮುಖಹೊತ್ತು ಕುಳಿತುಕೊಳ್ಳುವುದು ಯಾರಿಗೂ ಶೋಭೆಯಲ್ಲ.

ಇದೊಂದೇ ಉದಾಹರಣೆಯಾಗಿದ್ದರೆ ನಾವು ಇಷ್ಟು ಕಾಗದವನ್ನು ವ್ಯಯಮಾಡುತ್ತಿರಲಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ತಮ್ಮ ಪುಸ್ತಕವನ್ನು ತೆರೆದು ನೋಡಲಿ. ಲ್ಯಾಟಿನ್ ಲಿಪಿಯ ‘ಎಮ್’ ಎಂಬ ಅಕ್ಷರವು ಒಂದು ಕಡೆ ದ್ರವ್ಯರಾಶಿ, ಇನ್ನೊಂದು ಕಡೆ ಮೀಟರು. ‘ಜಿ’ ಎಂಬುದು ಒಂದು ಕಡೆ ಗುರುತ್ವದ ವೇಗೋತ್ಕರ್ಷ, ಇನ್ನೊಂದು ಕಡೆ ಗ್ರಾಂ. ಇವನ್ನು ಬೇರೆಮಾಡುವುದು ಅಕ್ಷರದ ನಿಲುವು ಮಾತ್ರ: ಪರಿಮಾಣದ ಸಂಕೇತವು ಓರೆ, ಅಳತೆಯ ಮಾನವು ನೇರ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ನಿಯಮವೇ ಹೀಗಿದೆ. ಕರಿಹಲಗೆಯ ಮೇಲೆ ಎರಡನ್ನೂ ಒಂದೇ ರೀತಿ ಬರೆದಾಗ ಹಿಂದಿನ ಬೆಂಚಿನ ಹುಡುಗನು ‘ದ್ರವ್ಯರಾಶಿಯನ್ನು ಮೀಟರಿನಲ್ಲಿ ಅಳೆಯುವರೇ?’ ಎಂದು ಕೇಳಿದರೆ ಅವನನ್ನು ಗದರಿಸಬಾರದು. ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ. ಈ ಭೇದವು ಎಷ್ಟು ಮುಖ್ಯವೆಂದರೆ, ಜಗತ್ತಿನ ಲಿಪಿಗಳಿಗೆಲ್ಲ ಗಣಕದಲ್ಲಿ ಸಂಖ್ಯೆ ಹಂಚುವ ಯೂನಿಕೋಡ್ ವ್ಯವಸ್ಥೆಯು ಅಕ್ಷರದ ಓರೆ ನೇರಗಳನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, ಗಣಿತದಲ್ಲಿ ಬಳಸುವ ಓರೆಯಕ್ಷರಗಳಿಗೆ ಮಾತ್ರ 2001ರಲ್ಲಿ ಪ್ರತ್ಯೇಕ ಸಂಖ್ಯೆಗಳನ್ನೇ ಕೊಟ್ಟಿತು.

ಇಟ್ಯಾಲಿಕ್ ಎಂದು ಕರೆಯುವ ಈ ಓರೆಯಕ್ಷರವು ಕನ್ನಡಕ್ಕೂ ಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಈಗ ಗಣಕದ ಗುಂಡಿಯೊತ್ತಿ ನಾವು ಪಡೆಯುತ್ತಿರುವುದು ಅದಲ್ಲ. ಅದೇಕೆ ಅಲ್ಲವೆಂಬುದನ್ನು ವಿವರಿಸುವುದಕ್ಕೆ ಮೊದಲು, ಓರೆಯಕ್ಷರವು ಹುಟ್ಟಿದ ಬಗೆಯನ್ನು ಸ್ವಲ್ಪ ತಿಳಿಯಬೇಕು.

ಯೂರೋಪಿನಲ್ಲಿ ಅಚ್ಚಿನ ಕೆಲಸ ಆರಂಭವಾಗಿ ಅರ್ಧ ಶತಮಾನ ಕಳೆದಿತ್ತು. ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ವಿದ್ವಾಂಸ ಮುದ್ರಕನು ಪ್ರಾಚೀನ ಕವಿಗಳ ಕೃತಿಗಳನ್ನು ಕೈಯಲ್ಲಿ ಹಿಡಿದು ಓದಬಹುದಾದ ಚಿಕ್ಕ ಪುಸ್ತಕಗಳಾಗಿ ಹೊರತರಬೇಕೆಂದು ಬಯಸಿದನು. ಅವನಿಗಾಗಿ ಅಚ್ಚುಮೊಳೆಗಳನ್ನು ಕೊರೆಯುತ್ತಿದ್ದವನು ಫ್ರಾಂಚೆಸ್ಕೊ ಗ್ರಿಫೊ. ಅಂದಿನ ವಿದ್ಯಾವಂತರು ಟಿಪ್ಪಣಿಗಳನ್ನೂ ಕಾಗದಪತ್ರಗಳನ್ನೂ ವೇಗವಾಗಿ ಬರೆಯಲು ಬಳಸುತ್ತಿದ್ದ, ಲೇಖನಿಯನ್ನು ಹೆಚ್ಚು ಎತ್ತದೆ ಸಾಗುವ ಕೈಬರಹವನ್ನು ಗ್ರಿಫೊ ಲೋಹದಲ್ಲಿ ಹಿಡಿದನು. 1501ರಲ್ಲಿ ವರ್ಜಿಲ್ ಕವಿಯ ಕೃತಿ ಪೂರ್ತಿಯಾಗಿ ಈ ಅಕ್ಷರಗಳಲ್ಲಿ ಅಚ್ಚಾಯಿತು. ಒಂದು ವಿನೋದವೆಂದರೆ, ಆ ಪುಸ್ತಕದ ದೊಡ್ಡಕ್ಷರಗಳು ಓರೆಯಾಗಿರಲೇ ಇಲ್ಲ, ನೆಟ್ಟಗೆ ನಿಂತಿದ್ದವು. ಓರೆಯೆಂಬುದು ಆ ಬರಹದ ಸಾರವಲ್ಲ, ವೇಗದಿಂದ ತಾನಾಗಿ ಬಂದ ಒಂದು ಗುಣವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮುಂದೆ ರೋಮಿನಲ್ಲಿ ಲುಡೊವಿಕೊ ಅರ್ರಿಗಿ ಎಂಬ ಬರಹಗಾರನು ಈ ಅಕ್ಷರಕ್ಕೆ ಇನ್ನಷ್ಟು ಸೊಬಗು ತಂದನು. ಪೋಪರ ಕಚೇರಿಯಲ್ಲಿ ಆಜ್ಞಾಪತ್ರಗಳನ್ನು ನಕಲು ಮಾಡುವುದು ಅವನ ಕಸುಬು. ಆ ಕಚೇರಿಯ ಬರಹವನ್ನು ಕಲಿಸುವ ಚಿಕ್ಕದೊಂದು ಪುಸ್ತಕವನ್ನೂ ಅವನು ಮಾಡಿದನು. ಅದರ ಮೇಲಿರುವ ವರ್ಷ 1522. ಅನಂತರ ಅದೇ ಕೈಯಿಂದ ಅಚ್ಚುಮೊಳೆಗಳು ಸಿದ್ಧವಾದವು. ಹೀಗೆ ಓರೆಯಕ್ಷರದ ತವರುಮನೆ ಕಚೇರಿ. ಕಲ್ಲಿನ ಶಾಸನದಿಂದಲೂ ಗ್ರಂಥಗಳ ನಿಂತ ಬರಹದಿಂದಲೂ ನೇರಕ್ಷರ ಬಂತು. ಗುಮಾಸ್ತನ ಕೈಯೋಟದಿಂದ ಓರೆಯಕ್ಷರ ಬಂತು. ಮೊದಮೊದಲು ಎರಡೂ ಬೇರೆ ಬೇರೆ ಪುಸ್ತಕಗಳಲ್ಲಿದ್ದವು. ಕಾಲಕ್ರಮದಲ್ಲಿ ಒಂದೇ ಪುಟದಲ್ಲಿ ಜೊತೆಯಾಗಿ ನಿಲ್ಲಲು ಕಲಿತವು. ಮನೆಯ ಯಜಮಾನಿಕೆ ನೇರಕ್ಷರದ್ದು. ಪುಸ್ತಕದ ಹೆಸರು, ಪರಭಾಷೆಯ ಪದ, ಒತ್ತಿ ಹೇಳಬೇಕಾದ ಮಾತು, ಜೀವಿಗಳ ಶಾಸ್ತ್ರೀಯ ನಾಮ ಇವು ಓರೆಯಕ್ಷರದ ಪಾಲಿಗೆ ಬಂದವು.

ಒಳ್ಳೆಯ ಓರೆಯಕ್ಷರವನ್ನು ಬಿಡಿಸಿ ನೋಡಿದರೆ ಅದರ ಗುಣಗಳು ತಿಳಿಯುತ್ತವೆ. ನೇರಕ್ಷರದ ಕಂಬಗಳ ತುದಿಯಲ್ಲಿ ಅಡ್ಡಲಾಗಿ ಚಾಚಿಕೊಂಡಿರುವ ಪುಟ್ಟ ಪಾದಗಳಿರುತ್ತವೆ. ಅಚ್ಚಿನವರು ಅದನ್ನು ಸೆರಿಫ್ ಎನ್ನುವರು. ಓರೆಯಕ್ಷರದಲ್ಲಿ ಆ ಪಾದಗಳು ಲೇಖನಿ ಕಾಗದವನ್ನು ಮುಟ್ಟುವಾಗಲೂ ಬಿಡುವಾಗಲೂ ಮಾಡುವ ಸಣ್ಣ ಕೊಂಡಿಗಳಾಗಿ ಮಾರ್ಪಡುತ್ತವೆ. ಅಕ್ಷರಗಳು ಕೊಂಚ ಇಕ್ಕಟ್ಟಾಗುತ್ತವೆ. ಕೆಲವು ಅಕ್ಷರಗಳ ಆಕಾರವೇ ಬದಲಾಗುತ್ತದೆ: ಲ್ಯಾಟಿನ್ನಿನ ಚಿಕ್ಕ ‘ಎ’ ನೇರಕ್ಷರದಲ್ಲಿ ಎರಡಂತಸ್ತಿನ ಮನೆ, ಓರೆಯಕ್ಷರದಲ್ಲಿ ಒಂದಂತಸ್ತಿನದು. ರಷ್ಯನ್ ಲಿಪಿಯಲ್ಲಂತೂ ‘ತ’ಕಾರವು ಓರೆಯಾದಾಗ ಮೂರು ಕಾಲಿನ ಬೇರೊಂದು ಅಕ್ಷರವೇ ಆಗುತ್ತದೆ, ಏಕೆಂದರೆ ಅಲ್ಲಿನವರು ಕೈಯಲ್ಲಿ ಅದನ್ನು ಬರೆಯುವುದೇ ಹಾಗೆ. ಒಟ್ಟಿನಲ್ಲಿ, ಇಂತಹ ಅಕ್ಷರದ ಓರೆಯನ್ನು ಪೂರ್ತಿ ತೆಗೆದು ನೆಟ್ಟಗೆ ನಿಲ್ಲಿಸಿದರೂ ಅದು ಓರೆಯಕ್ಷರವೆಂದು ಗುರುತು ಸಿಗುತ್ತದೆ. ಇದು ನಮ್ಮ ವಾದದ ಕೀಲಿಕೈ.

ಈಗ ಗಣಕದ ಗುಂಡಿಗೆ ಬರೋಣ. ಕನ್ನಡದ ಒಂದು ಪದವನ್ನು ಆರಿಸಿ ಆ ಗುಂಡಿಯನ್ನೊತ್ತಿದರೆ, ಅಚ್ಚಿಗೆ ತನ್ನದೇ ಆದ ಓರೆಯ ರೂಪವಿಲ್ಲದಾಗ ಯಂತ್ರವು ಇದ್ದ ರೂಪವನ್ನೇ ಬಲಕ್ಕೆ ತಳ್ಳುತ್ತದೆ. ಇಸ್ಪೀಟೆಲೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಬದಿಯಿಂದ ಮೆಲ್ಲನೆ ತಳ್ಳಿದಂತೆ: ಅಡಿಯ ಎಲೆ ಅಲ್ಲಿಯೇ ಇರುತ್ತದೆ, ಮೇಲಿನದು ಹೆಚ್ಚು ಸರಿಯುತ್ತದೆ. 12 ಡಿಗ್ರಿಯಷ್ಟು ಬಾಗಿಸಿದರೆ, ಸಾಲಿನಿಂದ 100 ಅಂಶ ಎತ್ತರದಲ್ಲಿರುವ ಚುಕ್ಕಿಯು ಬಲಕ್ಕೆ ಸುಮಾರು 21 ಅಂಶ ಸರಿಯುತ್ತದೆ. ಲಂಬವಾದ ಕಂಬವು 12 ಡಿಗ್ರಿ ವಾಲುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಯೇ.

ಕಂಬದ ಬದಲು ಒಂದು ವೃತ್ತವನ್ನು ಹೀಗೆ ತಳ್ಳಿದರೆ ಏನಾಗುವುದು? ಓದುಗರು ಚೌಕಳಿ ಕಾಗದದ ಮೇಲೆ ತಾವೇ ಮಾಡಿ ನೋಡಬಹುದು. ಕಾಲೇಜಿನವರು ನಿರ್ದೇಶಾಂಕ ರೇಖಾಗಣಿತದಿಂದ ಸಾಧಿಸಲೂಬಹುದು. ವೃತ್ತವು ದೀರ್ಘವೃತ್ತವಾಗುತ್ತದೆ. ಅದರ ಉದ್ದಗಲಗಳ ಪ್ರಮಾಣ ಹೆಚ್ಚುಕಡಮೆ 5ಕ್ಕೆ 4. ಅಚ್ಚರಿಯೆಂದರೆ, ಅದರ ಉದ್ದದ ಅಕ್ಷವು ಲಂಬದಿಂದ 12 ಡಿಗ್ರಿ ವಾಲುವುದಿಲ್ಲ. 48 ಡಿಗ್ರಿ ವಾಲುತ್ತದೆ! ಬಾಗಿಸುವುದನ್ನು ಎಷ್ಟೇ ಕಡಮೆಮಾಡಿದರೂ ಈ ಅಕ್ಷದ ಓರೆ 45 ಡಿಗ್ರಿಗಿಂತ ಕೆಳಗಿಳಿಯದು. ದೀರ್ಘವೃತ್ತವು ವೃತ್ತಕ್ಕೆ ಹತ್ತಿರವಾಗುತ್ತ ಹೋಗುವುದರಿಂದ ಅದು ಕಣ್ಣಿಗೆ ಕಡಮೆ ಕಾಣಬಹುದು, ಅಷ್ಟೆ. ಇಷ್ಟು ಸಾಲದೆಂಬಂತೆ ಗೆರೆಯ ದಪ್ಪವೂ ಕೆಡುತ್ತದೆ. ಒಂದೇ ದಪ್ಪದ ಉಂಗುರವನ್ನು ತಳ್ಳಿದಾಗ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರುವ ಬದಿಗಳು ಹತ್ತರಲ್ಲೊಂದು ಪಾಲು ತೆಳುವಾಗುತ್ತವೆ. ಎರಡು ತುದಿಗಳು ಅಷ್ಟೇ ಪಾಲು ದಪ್ಪವಾಗುತ್ತವೆ.

ಲ್ಯಾಟಿನ್ನಿನ ‘ಓ’ ಅಕ್ಷರಕ್ಕೂ ಇದೇ ಗತಿ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಆದರೆ ಅಲ್ಲಿ ಅದರ ಅಕ್ಕಪಕ್ಕದಲ್ಲಿ ಲಂಬವಾದ ಕಂಬಗಳ ಸಾಲೇ ಇದೆ. ಕಣ್ಣು ಆ ಕಂಬಗಳ 12 ಡಿಗ್ರಿಯನ್ನು ಹಿಡಿದು ಓದುತ್ತದೆ. ಕನ್ನಡದಲ್ಲಿ ಕಂಬಗಳೆಲ್ಲಿವೆ? ‘ಠ’ ಪೂರ್ಣವೃತ್ತ, ಅನುಸ್ವಾರ ಪೂರ್ಣವೃತ್ತ, ‘ರ’ ‘ಅ’ ‘ಇ’ ‘ಒ’ ಎಲ್ಲವೂ ಬಾಗಿದ ಬಳ್ಳಿಗಳೇ. ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನಾರಿನುದ್ದಕ್ಕೆ ನೇರ ಗೆರೆಯೆಳೆದರೆ ಗರಿ ಸೀಳುತ್ತದೆಂದು ನಮ್ಮ ಲಿಪಿ ದುಂಡಗಾಯಿತೆಂದು ವಿದ್ವಾಂಸರು ವಿವರಿಸುವುದುಂಟು. ಕಾರಣ ಏನೇ ಇರಲಿ, ದುಂಡಗಾದ ಲಿಪಿಯನ್ನು ಬದಿಯಿಂದ ತಳ್ಳಿದಾಗ ಅದು 12 ಡಿಗ್ರಿ ಬಾಗಿದಂತೆ ಕಾಣದೆ, ಕಾಲುಜಾರಿ ಬೀಳುತ್ತಿರುವಂತೆ ಕಾಣುತ್ತದೆ. ದೋಷ ನಮ್ಮ ಕಣ್ಣಿನದಲ್ಲ, ಲೆಕ್ಕವೇ ಹಾಗಿದೆ.

ಒತ್ತಕ್ಷರದ ಪಾಡು ಇನ್ನೂ ಕಷ್ಟ. ಸಾಲಿನಿಂದ ಮೇಲಿರುವುದು ಬಲಕ್ಕೆ ಸರಿದರೆ ಕೆಳಗಿರುವುದು ಎಡಕ್ಕೆ ಸರಿಯಬೇಕಷ್ಟೆ. 100 ಅಂಶ ಎತ್ತರದ ತಲೆಕಟ್ಟು 21 ಅಂಶ ಬಲಕ್ಕೆ ಹೋದಾಗ, 60 ಅಂಶ ಆಳದಲ್ಲಿರುವ ಒತ್ತಕ್ಷರದ ಬುಡ 13 ಅಂಶ ಎಡಕ್ಕೆ ಹೋಗುತ್ತದೆ. ಒಂದೇ ಅಕ್ಷರದ ತಲೆಗೂ ಕಾಲಿಗೂ 34 ಅಂಶಗಳ ಅಂತರ! ‘ಗುಂಡ್ಲುಪೇಟೆ’ ಎಂಬ ಪದವನ್ನೇ ಹೀಗೆ ಬಾಗಿಸಿ ನೋಡಿರಿ. ಡಕಾರದ ಬಲಬದಿಗೆ ಆತುಕೊಂಡಿರಬೇಕಾದ ಲಕಾರದ ಒತ್ತು ಎಡಕ್ಕೆ ನುಸುಳುತ್ತದೆ, ಮೇಲಿನ ಉಕಾರವು ಅದನ್ನು ಬಿಟ್ಟು ಬಲಕ್ಕೆ ಓಡುತ್ತದೆ. ಮದುವೆಯ ಕರೆಯೋಲೆಗಳಲ್ಲಿ ವಧೂವರರ ಹೆಸರನ್ನು ಚೆಂದಗಾಣಿಸಬೇಕೆಂದು ಹೀಗೆ ಬಾಗಿಸುವ ಪದ್ಧತಿ ಊರೂರಿನಲ್ಲಿದೆ. ಹೊಸ ಸಂಸಾರಕ್ಕೆ ಇಂತಹ ವಾಲಿದ ಆರಂಭವೇಕೆಂದು ನಾವು ಎಷ್ಟೋ ಸಲ ಅಂದುಕೊಂಡಿದ್ದೇವೆ.

ತಳ್ಳಿದರೆ ಸಾಕೆಂಬ ಮತವು ಯೂರೋಪಿನಲ್ಲಿಯೂ ಒಮ್ಮೆ ಎದ್ದಿತ್ತು. ಇಂಗ್ಲೆಂಡಿನ ಸ್ಟ್ಯಾನ್ಲಿ ಮಾರಿಸನ್ ಎಂಬ ಪ್ರಸಿದ್ಧ ಮುದ್ರಣತಜ್ಞರು 1926ರಲ್ಲಿ ಒಂದು ಪ್ರಬಂಧ ಬರೆದು, ನೇರಕ್ಷರದ ಜೊತೆಗಾರನಾಗಬೇಕಾದ ಅಕ್ಷರವು ಕಚೇರಿಯ ಕೈಬರಹದ ವಯ್ಯಾರವನ್ನು ಬಿಟ್ಟು, ಬಾಗಿಸಿದ ನೇರಕ್ಷರವೇ ಆಗಿರಬೇಕೆಂದು ವಾದಿಸಿದರು. ವಾದದಲ್ಲಿ ತರ್ಕವಿತ್ತು. ಹಾಲೆಂಡಿನ ಯಾನ್ ವಾನ್ ಕ್ರಿಂಪೆನ್ ತಮ್ಮ ರೊಮುಲಸ್ ಎಂಬ ಅಚ್ಚಿನಲ್ಲಿ ಅದನ್ನು ಪ್ರಯೋಗಮಾಡಿಯೂ ನೋಡಿದರು. ಆದರೆ ಆ ಮತ ನೆಲೆನಿಲ್ಲಲಿಲ್ಲ. ಮಾರಿಸನ್ನರ ಮೇಲ್ವಿಚಾರಣೆಯಲ್ಲಿಯೇ ಸಿದ್ಧವಾಗಿ 1932ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಳಕೆಗೆ ಬಂದ ಅಚ್ಚನ್ನು ಇಂದು ಗಣಕವುಳ್ಳವರೆಲ್ಲ ಬಲ್ಲರು. ಅದರ ಓರೆಯಕ್ಷರದಲ್ಲಿ ‘ಎ’ ಒಂದಂತಸ್ತಿನದೇ ಆಗಿದೆ! ಕಂಬಗಳೇ ತುಂಬಿರುವ ಲಿಪಿಗೇ ಸಾಲದ ಉಪಾಯವು ಬಳ್ಳಿಗಳೇ ತುಂಬಿರುವ ಲಿಪಿಗೆ ಸಾಕಾದೀತೆ?

ಹಾಗಾದರೆ ನಮಗೆ ದಾರಿ ಯಾವುದು? ಯೂರೋಪಿನವರ ಅಕ್ಷರಗಳನ್ನು ನಕಲು ಮಾಡುವುದಲ್ಲ. ಅವರು ಹಿಡಿದ ದಾರಿಯನ್ನು ನಾವೂ ಹಿಡಿಯುವುದು. ಅವರು ತಮ್ಮ ಕಚೇರಿಯ ಕೈಬರಹದ ಬಳಿಗೆ ಹೋದರು. ನಮ್ಮಲ್ಲಿಯೂ ಕಚೇರಿಯಿತ್ತು, ಕೈಬರಹವೂ ಇತ್ತು. ಅದರ ಕಥೆಯ ಒಂದು ಎಳೆ ಗುಂಡ್ಲುಪೇಟೆಯ ಸೀಮೆಯಲ್ಲಿಯೇ ಇದೆ.

ಗುಂಡ್ಲುಪೇಟೆಗೆ ಸಮೀಪದ ಹಂಗಳವೆಂಬ ಊರಿನಲ್ಲಿ ಮೈಸೂರಿನ ಒಬ್ಬ ರಾಜಕುಮಾರನು ತನ್ನ ತಂದೆಯೊಡನೆ ಅರಮನೆಯಿಂದ ದೂರವಾಗಿ ಬಹುಕಾಲ ಕಳೆದನು. ಅವನೇ 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರು. ತಂದೆಯ ನೆನಪಿಗಾಗಿ ಅವರು ಗುಂಡ್ಲುಪೇಟೆಯಲ್ಲಿ ಕಟ್ಟಿಸಿದ ಪರವಾಸುದೇವ ದೇವಾಲಯವನ್ನು ಕಂಡವರು ಅನೇಕರಿರಬಹುದು. ಅವರು ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ‘ಅಠಾರಾ ಕಚೇರಿ’ಯನ್ನು ಸ್ಥಾಪಿಸಿದರೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಹದಿನೆಂಟು ಕಚೇರಿಗಳೆಂದರೆ ಎಷ್ಟು ಲೆಕ್ಕ, ಎಷ್ಟು ನಿರೂಪ, ಎಷ್ಟು ನಕಲು! ಗ್ರಂಥದ ಲಿಪಿಕಾರನಂತೆ ಒಂದೊಂದು ಅಕ್ಷರಕ್ಕೂ ತಲೆಕಟ್ಟು ಬಿಡಿಸುತ್ತ ಕುಳಿತರೆ ಕಂದಾಯದ ಲೆಕ್ಕ ಮುಗಿಯುವುದೆಂದು?

ಆ ಲೆಕ್ಕಗಳನ್ನು ಬರೆಯುತ್ತಿದ್ದುದು ಕಡತಗಳ ಮೇಲೆ. ಇಂದು ಕಡತವೆಂದರೆ ಕಾಗದಗಳನ್ನು ಕಟ್ಟಿಟ್ಟ ಫೈಲು. ಹಿಂದೆ ಅದೊಂದು ಬಟ್ಟೆ. ಹುಣಿಸೆಬೀಜದ ಅಂಟಿಗೆ ಇದ್ದಲಿನ ಪುಡಿ ಕಲಸಿ ಹತ್ತಿಯ ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿದರೆ ಅದು ಮಡಿಚಬಹುದಾದ ಕರಿಹಲಗೆಯಾಗುತ್ತಿತ್ತು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾರೆ. ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಸಮನಾದ ಮಡಿಕೆಗಳಾಗಿ ಮಡಿಚಿ ಎರಡು ತುದಿಗೆ ಬಣ್ಣದ ಮರದ ಹಲಗೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು; ತಪ್ಪಾದರೆ ಒರಸಿ ತಿದ್ದಬಹುದಾಗಿತ್ತು. ಬಳಪದ ಕಲ್ಲು ಮೆತುವಾದುದು, ಬಟ್ಟೆಯ ಮೇಲೆ ಜಾರುತ್ತ ಹೋಗುವಂಥದು. ತಾಳೆಗರಿಯ ಕಂಟದಂತೆ ಅದು ಕೊರೆಯುವುದಿಲ್ಲ, ಓಡುತ್ತದೆ. ಕೈಯೆತ್ತದೆ ಅಕ್ಷರದಿಂದ ಅಕ್ಷರಕ್ಕೆ ಹಾಯುವ ಬರಹ ಅಲ್ಲಿ ಬೆಳೆಯಿತು. ಅದಕ್ಕೆ ಜನರು ಮೋಡಿ ಎಂದರು. ಶ್ಯಾನುಭೋಗರ ಮೋಡಿಯನ್ನು ಶ್ಯಾನುಭೋಗರೇ ಓದಬೇಕೆಂಬ ಹಾಸ್ಯವೂ ಅದರ ಬೆನ್ನಿಗೇ ಬಂತು. ಮಂತ್ರವಾದಿಯ ಮೋಡಿಗೂ ಈ ಮೋಡಿಗೂ ಹೆಸರು ಒಂದೇ ಆದುದರಿಂದ ಹಾಸ್ಯ ಇನ್ನಷ್ಟು ಸಲೀಸಾಯಿತು. 1961ರ ಕಾಯಿದೆಯಿಂದ ಗ್ರಾಮಾಧಿಕಾರಗಳು ರದ್ದಾದ ಮೇಲೆ ಆ ಕೈಯೂ ಕಣ್ಮರೆಯಾಯಿತು. ಕಡತಗಳು ಮಾತ್ರ ಅಲ್ಲಲ್ಲಿ ಉಳಿದಿವೆ. ಶೃಂಗೇರಿ ಮಠದ ಕಡತಗಳನ್ನು ಡಾ. ಎ. ಕೆ. ಶಾಸ್ತ್ರಿಯವರು ಓದಿ ಪ್ರಕಟಿಸಿ ಚರಿತ್ರೆಗೆ ದೊಡ್ಡ ಉಪಕಾರ ಮಾಡಿದ್ದಾರೆ.

ನಮ್ಮ ಲಿಪಿಗೂ ಹೀಗೆ ಎರಡು ಕೈಗಳಿದ್ದವೆಂಬುದನ್ನು ಓದುಗರು ಗಮನಿಸಬೇಕು. ಒಂದು ಕೈ ಕಲ್ಲಿನಲ್ಲಿಯೂ ಗರಿಯಲ್ಲಿಯೂ ನಿಂತು ಬರೆಯಿತು. ಇನ್ನೊಂದು ಕೈ ಕಡತದಲ್ಲಿ ಓಡುತ್ತ ಬರೆಯಿತು. ಅಚ್ಚು ಬಂದಾಗ ಮೊದಲನೆಯದಕ್ಕೆ ಮಾತ್ರ ಲೋಹದ ಮೈ ಸಿಕ್ಕಿತು. 1817ರಲ್ಲಿ ಶ್ರೀರಾಮಪುರದಿಂದ ಹೊರಟ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣದಲ್ಲಿರುವುದು ನಿಂತ ಅಕ್ಷರ. ಮಂಗಳೂರಿನ ಬಾಸೆಲ್ ಮಿಷನ್ನಿನವರು ತಿದ್ದಿ ತೀಡಿದ್ದೂ ಅದನ್ನೇ. ಬಿ. ಎಲ್. ರೈಸ್ ಅವರು ಚಾಮರಾಜನಗರ, ಗುಂಡ್ಲುಪೇಟೆ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ಸಂಗ್ರಹಿಸಿ 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟವಾಗಿ ಪ್ರಕಟಿಸಿದಾಗ ಕಲ್ಲಿನ ಕೈಗೆ ಪುಸ್ತಕದಲ್ಲಿ ಗೌರವದ ಪೀಠ ದೊರೆಯಿತು. ಅದೇ ಊರುಗಳ ಕಡತದ ಕೈಗೆ ಅಂತಹ ಭಾಗ್ಯ ಬರಲಿಲ್ಲ. ಒಮ್ಮೆ ಮಾತ್ರ ಅದರ ಬಾಗಿಲು ಅರ್ಧ ತೆರೆದಿತ್ತು: 1843ರ ಜುಲೈ ತಿಂಗಳಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ವನ್ನು ಮೊದಲು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಕಲ್ಲಚ್ಚಿನಲ್ಲಿ ಮೊಳೆಗಳಿಲ್ಲ, ಕೈಬರಹವೇ ಪುಟವಾಗುತ್ತದೆ. ಮೊಳೆಯ ಅಚ್ಚು ಬಲಗೊಂಡಂತೆ ಆ ಬಾಗಿಲೂ ಮುಚ್ಚಿತು.

ಮೋಡಿಯನ್ನು ಇದ್ದಂತೆಯೇ ಅಚ್ಚಿಗೆ ತರಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಮಾಡಿದರೆ ಓದುವವರಾರು? ಗ್ರಿಫೊ ಕೂಡ ಗುಮಾಸ್ತನ ಅವಸರವನ್ನು ಅಚ್ಚಿಗೆ ತರಲಿಲ್ಲ, ಅವಸರದಲ್ಲಿದ್ದ ಲಯವನ್ನು ತಂದನು. ನಮ್ಮಲ್ಲಿ ಅಕ್ಷರಗಳನ್ನು ರೂಪಿಸುವವರು ಕಡತಗಳ ಮುಂದೆ ಕುಳಿತು, ಕೈ ಎಲ್ಲಿ ಏಳುವುದಿಲ್ಲ, ತಲೆಕಟ್ಟು ಮೈಯೊಡನೆ ಎಲ್ಲಿ ಕೂಡಿಕೊಳ್ಳುತ್ತದೆ, ಯಾವ ಸುರುಳಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಅಭ್ಯಾಸಮಾಡಬೇಕು. ಅಲ್ಲಿಂದ ಕೆಲವನ್ನು ಆಯ್ದು, ಇಂದಿನ ಹತ್ತನೆಯ ತರಗತಿಯ ವಿದ್ಯಾರ್ಥಿ ತಡವರಿಸದೆ ಓದಬಲ್ಲ ಒಂದು ರೂಪವನ್ನು ಕಟ್ಟಬೇಕು. ನಮಗೆ ತೋರುವಂತೆ ಅದರಲ್ಲಿ ತಲೆಕಟ್ಟು ಪ್ರತ್ಯೇಕ ಗೆರೆಯಾಗಿರದೆ ಅಕ್ಷರದ ಕೊನೆಯ ಹೊರಳಾಗಿ ಬರಬೇಕು. ಸುತ್ತುಗಳು ತಳ್ಳಿದ ವೃತ್ತಗಳಾಗಿರದೆ, ಕೊಂಚ ಇಕ್ಕಟ್ಟಾದ ನಿಂತ ಅಂಡಾಕಾರಗಳಾಗಿರಬೇಕು. ಹಾಗಾದರೆ ನಾಲ್ಕೈದು ಡಿಗ್ರಿಯ ಓರೆಯೇ ಸಾಕು, ಓರೆಯೇ ಇಲ್ಲದಿದ್ದರೂ ಚಿಂತೆಯಿಲ್ಲ. ಒತ್ತಕ್ಷರವಂತೂ ತನ್ನ ತಾಯಕ್ಷರದ ಅಡಿಯನ್ನು ಬಿಟ್ಟು ಕದಲಕೂಡದು. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಂಹಿತೆಯೂ ಶಾಸ್ತ್ರೀಯ ನಾಮವು ಸುತ್ತಲಿನ ಬರಹಕ್ಕಿಂತ ಬೇರೆಯಾದ ಅಚ್ಚಿನಲ್ಲಿರಲಿ ಎಂದು ಸಲಹೆಮಾಡುತ್ತದೆಯೇ ಹೊರತು, ಬಾಗಿಯೇ ಇರಬೇಕೆಂದು ಕಟ್ಟುಮಾಡುವುದಿಲ್ಲ.

ದಪ್ಪಕ್ಷರವಿದೆಯಲ್ಲ, ಉದ್ಧರಣ ಚಿಹ್ನೆಯಿದೆಯಲ್ಲ, ಸಾವಿರದೈನೂರು ವರ್ಷ ಇಲ್ಲದ್ದು ಈಗೇಕೆ ಎಂದು ಕೇಳುವವರಿದ್ದಾರೆ. ದಪ್ಪಕ್ಷರವು ಕೂಗುತ್ತದೆ. ಬಂಡೀಪುರದ ಕಾಡಿನ ಬಗ್ಗೆ ಬರೆದ ಪುಟದಲ್ಲಿ ಇಪ್ಪತ್ತು ಮರಗಳ ಶಾಸ್ತ್ರೀಯ ನಾಮಗಳನ್ನು ದಪ್ಪಕ್ಷರದಲ್ಲಿಟ್ಟರೆ ಪುಟಕ್ಕೆ ಸಿಡುಬು ಬಂದಂತಾಗುತ್ತದೆ. ಹೇಳಬೇಕಾದ ಮಾತು ಹಿಂದಾಗಿ ಹೆಸರುಗಳು ಮುನ್ನುಗ್ಗುತ್ತವೆ. ಉದ್ಧರಣ ಚಿಹ್ನೆಗೆ ಈಗಲೇ ಹೊರೆ ಹೆಚ್ಚು. ಆಡಿದ ಮಾತಿಗೂ ಅದೇ, ಪುಸ್ತಕದ ಹೆಸರಿಗೂ ಅದೇ, ವ್ಯಂಗ್ಯಕ್ಕೂ ಅದೇ. ಈ ಲೇಖನದಲ್ಲಿ ನಾವೇ ಅದನ್ನು ಎಷ್ಟು ಕೆಲಸಗಳಿಗೆ ದುಡಿಸಿಕೊಂಡಿದ್ದೇವೆಂದು ಓದುಗರು ಎಣಿಸಿ ನೋಡಲಿ! ಇನ್ನು ಹಳೆಯ ಕಾಲದ ಮಾತು: ಲ್ಯಾಟಿನ್ ಲಿಪಿಯವರೂ 1501ರವರೆಗೆ ಅಚ್ಚಿನ ಓರೆಯಕ್ಷರವಿಲ್ಲದೆಯೇ ಬಾಳಿದರು. ಒಂದು ಕಾಡಿನ ಕಣಜಕ್ಕೆ ಅಲ್ಲಿನ ಜನರ ಹೆಸರಿಡುವ ಸಂದರ್ಭ ನಮ್ಮ ಪೂರ್ವಿಕರಿಗೆ ಬರಲಿಲ್ಲ, ಅಷ್ಟೆ.

ಕೆಲಸ ಅಸಾಧ್ಯವಾದುದಲ್ಲ. ನೋಟೊ ಸೆರಿಫ್ ಕನ್ನಡ ಎಂಬ ಅಚ್ಚು ಇಂದು ಯಾರಿಗಾದರೂ ಬಿಟ್ಟಿಯಾಗಿ ಸಿಗುತ್ತದೆ. ಅದರಲ್ಲಿ ಎಳೆದಾರದಷ್ಟು ತೆಳುವಿನಿಂದ ಒನಕೆಯಷ್ಟು ದಪ್ಪದವರೆಗೆ ಒಂಬತ್ತು ಮೆಟ್ಟಿಲುಗಳಿವೆ. ಓರೆಯ ರೂಪ ಮಾತ್ರ ಒಂದೂ ಇಲ್ಲ. ದಪ್ಪವನ್ನು ಒಂಬತ್ತು ಬಗೆಯಲ್ಲಿ ಅಳೆದವರಿಗೆ ಜೊತೆಗಾರನೊಬ್ಬನು ಬೇಕೆಂದು ತೋರಲಿಲ್ಲವೆ? ಇನ್ನೊಂದು ಕಡೆ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಪ್ರಕಟಿಸುವ ಮೂರ್ತಿ ಶಾಸ್ತ್ರೀಯ ಗ್ರಂಥಮಾಲೆಯಲ್ಲಿ 2017ರಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವು ವನಮಾಲಾ ವಿಶ್ವನಾಥರ ಅನುವಾದದೊಡನೆ ಹೊರಬಂದಿತಷ್ಟೆ. ಆ ಮಾಲೆಗಾಗಿ ರೂಪಿಸಿದ ಟಿರೊ ಕನ್ನಡ ಎಂಬ ಅಚ್ಚು ಈಗ ಎಲ್ಲರ ಬಳಕೆಗೂ ದೊರೆಯುತ್ತಿದ್ದು, ಅದಕ್ಕೆ ನೇರ ಓರೆಗಳೆರಡೂ ಇವೆ. ಇದು ಸಂತೋಷದ ವಿಷಯ. ಆದರೆ ಹೊರಗಿನವರು ಒಂದು ಹೆಜ್ಜೆ ಮುಂದಿಟ್ಟಾಗ ಕಡತಗಳನ್ನು ಮನೆಯಲ್ಲಿಟ್ಟುಕೊಂಡವರು ಹಿಂದುಳಿಯಬೇಕಾಗಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯ ಹಳೆಯ ಮನೆಗಳ ಅಟ್ಟದ ಮೇಲೆ ಕರಿಯ ಬಟ್ಟೆಯ ಮಡಿಕೆಯೇನಾದರೂ ಕಣ್ಣಿಗೆ ಬಿದ್ದರೆ, ಅದನ್ನು ಒಗೆಯಲು ಹಾಕುವ ಮೊದಲು ವಿದ್ಯಾರ್ಥಿಗಳು ಒಮ್ಮೆ ಬಿಚ್ಚಿ ನೋಡಲಿ. ಒದ್ದೆಯ ಕೈ ತಾಗದಿರಲಿ. ಬಳಪದ ಬರಹ ಒರಸಿದರೆ ಹೋಗುತ್ತದೆ.

ಕಡತ ಸಿಕ್ಕದವರೂ ಸುಮ್ಮನಿರಬೇಕಾಗಿಲ್ಲ. ಒಂದು ಚೌಕಳಿ ಹಾಳೆಯ ಮೇಲೆ ‘ಸೋಲಿಗ’ ಎಂಬ ಪದವನ್ನು ಮೊದಲು ನಿಂತ ಅಕ್ಷರದಲ್ಲಿ ಬರೆಯಿರಿ, ಅದು ಜನ. ಅದರ ಕೆಳಗೆ, ಲೇಖನಿಯನ್ನು ಆದಷ್ಟು ಕಡಮೆ ಸಲ ಎತ್ತಿ, ಅದೇ ಪದವನ್ನು ಇನ್ನೊಮ್ಮೆ ಬರೆಯಿರಿ, ಅದು ಕಣಜ. ಎರಡನ್ನೂ ನಿಮ್ಮ ತರಗತಿಯವರ ಮುಂದೆ ಹಿಡಿದು, ಯಾವುದು ಯಾವುದೆಂದು ಹೇಳದೆಯೇ ಅವರಿಗೆ ಭೇದ ತಿಳಿಯುತ್ತದೆಯೇ ಎಂದು ಪರೀಕ್ಷಿಸಿರಿ. ತಿಳಿದುದಾದರೆ ಆ ಹಾಳೆಯನ್ನು ನಮಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ. ಚೆನ್ನಾಗಿರುವುದನ್ನು ಮುಂದಿನ ಸಂಚಿಕೆಗಳಲ್ಲಿ ಅಚ್ಚುಮಾಡುವೆವು. ಗಣಕದಲ್ಲಿ ಬಾಗಿಸಿದುದನ್ನು ಮಾತ್ರ ದಯವಿಟ್ಟು ಕಳುಹಿಸಬಾರದು.